ಮಂಗರವಳ್ಳಿ ಮತ್ತು ಮುರಿದ ಮೂಳೆ: ಶಲ್ಯತಂತ್ರಕ್ಕೆ ಸೇರಿದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಬಿಎಎಂಎಸ್ ಮುಗಿಸಿ ಶಲ್ಯತಂತ್ರದ (ಆಯುರ್ವೇದದ ಶಸ್ತ್ರಚಿಕಿತ್ಸೆಯ) ಎಂಎಸ್‌ಗೆ ಸೇರಿದ್ದು ಕೇಳಿ ಖುಷಿಯಾಯಿತು. ಮೂಳೆ ಕೂಡುವುದರಲ್ಲಿ ಮಂಗರವಳ್ಳಿ ಎಂಬ ಬಳ್ಳಿಯ ಪಾತ್ರವನ್ನೇ ಥೀಸಿಸ್‌ಗೆ ಆರಿಸಿಕೊಂಡಿದ್ದೀಯಂತೆ. ವಿಷಯ ಚೆನ್ನಾಗಿದೆ. ತೊಡಕು ಏನೆಂದರೆ, ಸರಿಯಾಗಿ ಕೂರಿಸಿ ಅಲುಗದಂತೆ ಹಿಡಿದ ಮೂಳೆ ಸಾಮಾನ್ಯವಾಗಿ ಯಾವ ಔಷಧವೂ ಇಲ್ಲದೆ ಕೂಡಿಕೊಳ್ಳುತ್ತದೆ. ಬಳ್ಳಿಯ ಪುಡಿ ಕೊಟ್ಟವರೆಲ್ಲರ ಮೂಳೆ ಕೂಡಿತು ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಪುಡಿ ಕೊಡದವರಿಗಿಂತ ಬೇಗ ಕೂಡಿತೇ ಎಂಬುದೊಂದೇ ನಿನ್ನ ಪ್ರಶ್ನೆ.

ನಮ್ಮ ಕರಾವಳಿಯವರೇ ಆದ ಡಾ. ಕೆ. ಎನ್. ಉಡುಪ ಬನಾರಸ್‌ನಲ್ಲಿ ಆಯುರ್ವೇದ ಓದಿ, ಆಮೇಲೆ ವಿದೇಶದಲ್ಲಿ ಆಧುನಿಕ ಶಸ್ತ್ರಚಿಕಿತ್ಸೆ ಕಲಿತವರು. 1960ರ ದಶಕದಲ್ಲಿ ಜಿ. ಸಿ. ಪ್ರಸಾದ್ ಜೊತೆ ಇದೇ ಬಳ್ಳಿಯನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದಾಗ, ಕೂಡಿದ ಮೂಳೆಯ ಬಲ ಎಷ್ಟು, ಕ್ಯಾಲ್ಸಿಯಂ-45 (ಜಾಡು ಹಿಡಿಯಲು ಬಳಸುವ ವಿಕಿರಣಶೀಲ ಕ್ಯಾಲ್ಸಿಯಂ) ಎಷ್ಟು ಸೇರಿತು ಎಂದು ಅಳೆದರು. ನೀನೂ ಅಳತೆಯಿಂದಲೇ ಶುರು ಮಾಡು.

ಮಣಿಕಟ್ಟಿನ ಮುರಿತ ಬೇಡ. ಆರು ವಾರದ ಆಸುಪಾಸಿನಲ್ಲಿ ಅದು ಕೂಡಿಬಿಡುವುದರಿಂದ ವ್ಯತ್ಯಾಸ ಹಿಡಿಯುವುದು ಕಷ್ಟ. ರಾಡ್ ಹಾಕಿದ, ಚರ್ಮ ಸೀಳದ ಟಿಬಿಯಾ (ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ) ಮುರಿತ ತೆಗೆದುಕೋ. ಮೂಳೆ ಎಷ್ಟು ಕೂಡಿದೆ ಎಂದು ಎಕ್ಸ್‌ರೇ ನೋಡಿ ಅಂಕ ಕೊಡಲು ಅದಕ್ಕೆ ರಸ್ಟ್ ಸ್ಕೋರ್ ಇದೆ: ಎರಡು ದಿಕ್ಕಿನ ಎಕ್ಸ್‌ರೇಯಲ್ಲಿ ಕಾಣುವ ನಾಲ್ಕು ಅಂಚುಗಳಿಗೆ ತಲಾ 1ರಿಂದ 3 ಅಂಕ, ಒಟ್ಟು 4ರಿಂದ 12. ಪ್ಲಾಸ್ಟರ್ ಕಟ್ಟಿನೊಳಗಿಂದ ತೆಗೆದ ಚಿತ್ರದಲ್ಲಿ ಅಂಚುಗಳು ಮಸುಕಾಗುತ್ತವೆ, ರಾಡ್ ಇದ್ದರೆ ಆ ತಾಪತ್ರಯವಿಲ್ಲ. 6, 12, 18, 24ನೇ ವಾರ ಚಿತ್ರ ತೆಗೆಸು. ಯಾರಿಗೆ ಯಾವ ಔಷಧ ಎಂದು ಗೊತ್ತಿಲ್ಲದ ಇಬ್ಬರು ಬೇರೆ ಬೇರೆಯಾಗಿ ಓದಲಿ. ನೀನು ಓದಬೇಡ, ಕಣ್ಣು ಬೇಕಾದ್ದನ್ನೇ ನೋಡುತ್ತದೆ.

ಮೂಳೆ ಕೂಡಲು ಎಳೆ, ನಡು, ಮುಪ್ಪು ಎಂಬ ವಯಸ್ಸಿನ ಮೂರು ಹಂತಕ್ಕೆ ಪ್ರಾಚೀನ ಶಸ್ತ್ರವೈದ್ಯ ಸುಶ್ರುತ ಕ್ರಮವಾಗಿ ಒಂದು, ಎರಡು, ಮೂರು ತಿಂಗಳು ಹೇಳಿದ್ದಾನೆ. ಹಾಗಿರುವಾಗ ಇಪ್ಪತ್ತರವನನ್ನೂ ಅರವತ್ತರವನನ್ನೂ ಒಟ್ಟಿಗೆ ಹಾಕಿದರೆ ಲೆಕ್ಕ ಕೆಡುತ್ತದೆ. ಬೀಡಿ-ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರನ್ನು ಹೊರಗಿಡು. ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಮೂಳೆ ಕೂಡುವುದನ್ನು ನಿಧಾನಿಸಬಹುದು, ಎರಡೂ ಗುಂಪಿನಲ್ಲಿ ಎಷ್ಟು ನುಂಗಿದರೆಂದು ಬರೆದಿಡು. ಇಲ್ಲದಿದ್ದರೆ ನೋವು ಕಡಿಮೆಯಾಗಿ ಮಾತ್ರೆ ಬಿಟ್ಟವರ ಲಾಭವೆಲ್ಲ ಬಳ್ಳಿಯ ಖಾತೆಗೆ ಹೋಗುತ್ತದೆ.

ಇನ್ನು ಬಳ್ಳಿ. ಹಸಿ ಕಾಂಡ ಬಾಯಿ-ಗಂಟಲು ಕೆರೆಯುವಂತೆ ಮಾಡುತ್ತದೆ, ಆಕ್ಸಲೇಟ್ ಹರಳುಗಳ ಕೆಲಸ ಅದು. ಚಟ್ನಿಗೆ ಹುಣಸೆಹುಳಿ ಹಾಕಿ ಚೆನ್ನಾಗಿ ಹುರಿಯುವುದು ಅದಕ್ಕೇ. ಸಂಶೋಧನೆಗೆ ಪುಡಿಯನ್ನು ಕ್ಯಾಪ್ಸೂಲಿನಲ್ಲೇ ಕೊಡು, ಯಾರಿಗೆ ಏನು ಕೊಟ್ಟೆಯೆಂಬ ಗುಟ್ಟು ರುಚಿಯಿಂದ ರಟ್ಟಾಗಬಾರದು. ಕಾಂಡದಲ್ಲಿ ನೀರೇ ಹೆಚ್ಚು. ದಪ್ಪ ತುಂಡುಗಳನ್ನು ನೆರಳಿಗೆ ಹಾಕಿದರೆ ಒಣಗುವ ಮೊದಲೇ ಬೂಷ್ಟು ಬರುತ್ತದೆ, ತೆಳ್ಳಗೆ ಸೀಳಿ ಒಣಗಿಸು. ಸಸ್ಯಶಾಸ್ತ್ರಜ್ಞರಿಂದ ಗುರುತು ಖಚಿತಪಡಿಸಿಕೊಂಡು, ಕೊನೆಯ ರೋಗಿಯವರೆಗೂ ಒಂದೇ ಬ್ಯಾಚ್ ಬಳಸು. ‘ಬಳ್ಳಿಯಲ್ಲಿ ಕ್ಯಾಲ್ಸಿಯಂ ಇದೆ, ಆದ್ದರಿಂದ ಮೂಳೆ ಕೂಡುತ್ತದೆ’ ಎಂಬ ಸಾಲನ್ನು ಥೀಸಿಸ್ ಯೋಜನೆಯ ಬರಹವಾದ ಸಿನಾಪ್ಸಿಸ್‌ನಿಂದ ತೆಗೆ. ಆಕ್ಸಲೇಟಿಗೆ ಅಂಟಿದ ಕ್ಯಾಲ್ಸಿಯಂ ಕರುಳಿಗೆ ಸರಿಯಾಗಿ ದಕ್ಕುವುದಿಲ್ಲ.

ರಾಡ್ ಹಾಕುವವರು ಆರ್ಥೋ ಸರ್ಜನ್. ಅವರ ಆಸ್ಪತ್ರೆಯ ಒಪ್ಪಿಗೆ ಪತ್ರ ಮತ್ತು ಅಲ್ಲಿನ ಕೋ-ಗೈಡ್ ಮೊದಲು, ಎಥಿಕ್ಸ್ ಕಮಿಟಿ ಆಮೇಲೆ. ಸಿಟಿಆರ್‌ಐ (ದೇಶದ ಕ್ಲಿನಿಕಲ್ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿ ಮೊದಲ ರೋಗಿ ಸೇರುವ ಮುಂಚೆ ಆಗಿರಬೇಕು, 2018ರ ಏಪ್ರಿಲ್‌ನಿಂದ ತಡವಾಗಿ ನೋಂದಾಯಿಸಲು ದಾರಿಯಿಲ್ಲ.

ಒಪಿಡಿಯಲ್ಲಿ ನಾಟಿ ಕಟ್ಟಿನೊಂದಿಗೆ ಬಂದವರೂ ಸಿಗುತ್ತಾರೆ. ಪಟ್ಟಿ ಬಿಗಿಯಾದರೆ ಊತ, ನೋವು, ಕೀವು ಎಂದ ಸುಶ್ರುತ ಚಳಿಗಾಲದಲ್ಲಿ ಏಳು, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಬಿಚ್ಚಿ ಕಟ್ಟಲು ಹೇಳಿದ್ದ. ಬೆರಳನ್ನು ಮೆಲ್ಲಗೆ ಎಳೆದಾಗ ಚೀರುವಷ್ಟು ನೋವಾದರೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ (ಸ್ನಾಯುಗಳೊಳಗೆ ಒತ್ತಡ ಏರಿ ರಕ್ತ ಹರಿಯದಂತಾಗುವುದು) ಎಂದೇ ಅನುಮಾನಿಸು. ನಾಡಿ ಸಿಗುತ್ತಿದೆಯೆಂದು ಸುಮ್ಮನಿರಬೇಡ, ಅದು ನಿಲ್ಲುವುದು ಕೊನೆಗೆ. ಕಟ್ಟನ್ನು ಚರ್ಮ ಕಾಣುವವರೆಗೆ ಕತ್ತರಿಸಿ, ಆ ಕ್ಷಣವೇ ಸರ್ಜನ್‌ಗೆ ಫೋನ್ ಮಾಡು. ಅಂಥವರನ್ನು ಅಧ್ಯಯನಕ್ಕೆ ಸೇರಿಸಬೇಡ.

ಸಿನಾಪ್ಸಿಸ್ ಕರಡು ಕಳಿಸು, ನೋಡುತ್ತೇನೆ.

ಇಂತಿ ನಿನ್ನ ಗೆಳೆಯ