ಭಾನುವಾರದ ಮಕ್ಕಳ ಕಥೆ: ಲಿಂಡಿಸ್ಫಾರ್ನ್ ಮಠ, 793

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಮಕ್ಕಳೆಲ್ಲ ಸೇರಿ ಕಟ್ಟುವ ಸಾಹಸ ಕಥೆ ನಡೆಯುವುದು ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಲಿಂಡಿಸ್ಫಾರ್ನ್ ದ್ವೀಪದ ಕ್ರೈಸ್ತ ಮಠದಲ್ಲಿ.

ಜಾಗದ ಬಗ್ಗೆ ಮಕ್ಕಳಿಗೆ ಮೊದಲೇ ಹೇಳಿಡಿ. ದಿನಕ್ಕೆ ಎರಡು ಸಲ ಸಮುದ್ರ ಉಕ್ಕಿ ದಾರಿ ಮುಳುಗುತ್ತದೆ. ನೀರಿಳಿದಾಗ ಮರಳಿನ ಮೇಲೆ ನಡೆದೇ ದಾಟಬಹುದು. ತಪ್ಪಿಸಿಕೊಂಡು ಓಡುವವರು ಮೊದಲು ನೀರು ನೋಡಬೇಕು! ಸಾಹಸ ಕಥೆಗೆ ಇನ್ನೇನು ಬೇಕು ಹೇಳಿ.

ಆಗ ಪುಟ್ಟ ಮಕ್ಕಳನ್ನೇ ಮಠಕ್ಕೆ ಒಪ್ಪಿಸುತ್ತಿದ್ದರು. ಮುಂದೆ ದೊಡ್ಡ ಇತಿಹಾಸಕಾರನಾದ ಬೀಡ್, ಲಿಂಡಿಸ್ಫಾರ್ನ್ ಇದ್ದ ನಾರ್ಥಂಬ್ರಿಯಾ ರಾಜ್ಯದ ಇನ್ನೊಂದು ಮಠಕ್ಕೆ ಸೇರಿದಾಗ ಅವನಿಗೆ 7 ವರ್ಷ. ನಮ್ಮ ಕಥೆಯ ಹುಡುಗನೂ ಅಂಥವನೇ. ಅವನ ಮುಂದೆ ಹದ ಮಾಡಿದ ಕರುವಿನ ಚರ್ಮದ ಹಾಳೆ, ಗರಿಯ ಲೇಖನಿ, ಮಸಿ. ಇದೇ ಮಠದ ಹೆಸರಿನ ಸುವಾರ್ತೆಗಳ (ಯೇಸುವಿನ ಜೀವನ ಹೇಳುವ ಬೈಬಲ್ ಭಾಗಗಳ) ಹಸ್ತಪ್ರತಿ ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ದೊಡ್ಡಕ್ಷರಗಳ ಸುತ್ತ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು, ಸಾಲು ಸಾಲಾಗಿ. ಚಿತ್ರ ಹುಡುಕಿ ತೋರಿಸಿ, ಮಕ್ಕಳು ಕಣ್ಣು ಕೀಳುವುದಿಲ್ಲ.

793ರ ಜೂನ್ 8ರಂದು ವೈಕಿಂಗರು, ಅಂದರೆ ಉತ್ತರದಿಂದ ಹಡಗಿನಲ್ಲಿ ಬಂದ ದರೋಡೆಕೋರರು, ಮಠದ ಮೇಲೆ ಬಿದ್ದರು. ಅವರು ಹಿಡಿದೊಯ್ದ ಹುಡುಗರನ್ನು ಬಿಡಿಸಿ ತರುವ ವಿಚಾರ ಆಲ್ಕ್ವಿನ್ ಎಂಬ ವಿದ್ವಾಂಸ ಆಗ ಬರೆದ ಪತ್ರದಲ್ಲಿದೆ. ಆ ಸಾಲು ಓದಿದಾಗಿನಿಂದ ಈ ಕಥೆ ನನ್ನನ್ನು ಬಿಟ್ಟಿಲ್ಲ. ಆ ಹುಡುಗರ ದಾರಿಯನ್ನು ನಮ್ಮ ಮಕ್ಕಳೇ ಊಹಿಸಲಿ. ಚಿಕ್ಕವರೂ ಇರುವುದರಿಂದ ಕೊಲೆ, ರಕ್ತದ ವಿವರ ಬೇಡ. ವೈಕಿಂಗರ ತಲೆಗೆ ಕೊಂಬಿನ ಟೋಪಿಯೂ ಬೇಡ, ಅವರು ಅದನ್ನು ತೊಡುತ್ತಿರಲಿಲ್ಲ.

ಬರುವಾಗ ಪ್ರತಿ ಮಗುವಿಗೂ ಒಂದು ಗರಿ, ಸ್ವಲ್ಪ ಇಂಕು, ದಪ್ಪ ಹಾಳೆ ಕಳಿಸಿ. ಗರಿ ಸಿಗದವರು ಶನಿವಾರದೊಳಗೆ ಇಲ್ಲೇ ತಿಳಿಸಿ.