ಔಷಧಿ ಅಂಗಡಿಯ ಆ ಅಕ್ಕನಿಗೆ
ನಿಮ್ಮ ಹೆಸರು ಕೇಳಲೇ ಇಲ್ಲ ನೋಡಿ. ಸಿಗರೇಟ್ ಬಿಡಲೆಂದು ಡಾಕ್ಟರ್ ಬರೆದುಕೊಟ್ಟ ವರೆನಿಕ್ಲಿನ್ ಮಾತ್ರೆಯ ಚೀಟಿ ಹಿಡಿದು ನಿಂತಿದ್ದೆ. ಜೇಬಿನಲ್ಲಿ ಸಿಗರೇಟ್ ಪ್ಯಾಕೂ ಇತ್ತು. ನೀವು ನೋಡಿ ನಕ್ಕಿರಿ, ಬೈಯಲಿಲ್ಲ. "ಮೊದಲ ವಾರ ಸೇದುತ್ತಿದ್ದರೂ ಮಾತ್ರೆ ತಗೊಳ್ಳಿ, ಎಂಟನೇ ದಿನ ಬಿಡಿ" ಎಂದಿರಿ. ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದೂ ಕೊಟ್ಟಿರಿ: 3 ದಿನ ಒಂದು ಹೊತ್ತು, ಆಮೇಲೆ ಎರಡು ಹೊತ್ತು, ಊಟವಾದ ಮೇಲೆ, ಲೋಟ ತುಂಬ ನೀರು. ಒಂದು ದಿನ ಮಾತು ಕೇಳದೆ ಖಾಲಿ ಹೊಟ್ಟೆಯಲ್ಲಿ ನುಂಗಿದೆ. ಬೆಳಿಗ್ಗೆಯೆಲ್ಲ ವಾಕರಿಕೆ! ತಪ್ಪು ನನ್ನದೇ ಬಿಡಿ. ಚಿತ್ರವಿಚಿತ್ರ ಕನಸುಗಳೂ ಬಿದ್ದವು. ಆದರೆ ಆರನೇ ದಿನ ಸಿಗರೇಟಿಗೆ ರುಚಿಯೇ ಇರಲಿಲ್ಲ, ಸುಮ್ನೆ ಹೊಗೆ. ಅರ್ಧಕ್ಕೇ ಆರಿಸಿದೆ. 12 ವಾರದ ಕೋರ್ಸ್ ಮೊನ್ನೆ ಮುಗಿಯಿತು. ನಿಮ್ಮ ಅಕ್ಷರವಿರುವ ಡಬ್ಬಿಯನ್ನು ಮಾತ್ರ ಬಿಸಾಡಿಲ್ಲ. ತುಂಬಾ ಥ್ಯಾಂಕ್ಸ್ ಅಕ್ಕ.