ಬಸ್ ಹತ್ತಿದವರೆಲ್ಲ ರೀಲ್ಸ್‌ಗೆ ಸಿಕ್ಕವರಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ‘ಸೀಟಿಗಾಗಿ ನಾರಿಮಣಿಯರ ಜಡೆಜಗಳ: ವಿಡಿಯೊ ವೈರಲ್’ ಎಂಬ ಸುದ್ದಿ ಬಂದಿತ್ತು. ಜೊತೆಗೊಂದು ಚಿತ್ರ. ಅದರ ಕೆಳಗೆ ತೆಗೆದವರ ಹೆಸರಿರಲಿಲ್ಲ, ‘ಜಾಲತಾಣದ ಚಿತ್ರ’ ಎಂದಷ್ಟೇ ಇತ್ತು. ಆ ಬಸ್ಸಿನ ಕಂಡಕ್ಟರ್ ನಾನೇ. ಚಿತ್ರದ ಎಡಕ್ಕೆ ಅರ್ಧ ಕಾಣುವ ಖಾಕಿ ತೋಳು ನನ್ನದು. ‘ಇಬ್ಬರೂ ಕೈ ಕೈ ಮಿಲಾಯಿಸಿದರು’ ಎಂದು ಬರೆದಿದ್ದೀರಿ. ಯಾರೂ ಮಿಲಾಯಿಸಲಿಲ್ಲ. ಒಬ್ಬರು ಕಿಟಕಿಯಿಂದ ಹಾಕಿದ್ದ ಟವೆಲನ್ನು ಇನ್ನೊಬ್ಬರು ಎತ್ತಿ ಕೊಟ್ಟರು, ಅಷ್ಟೇ. ಸ್ವಲ್ಪ ಬಿರುಸಾಗಿ ಕೊಟ್ಟರು ಎನ್ನುವುದು ನಿಜ.

ಅಂದು ಶುಕ್ರವಾರ. ಗೊರವನಹಳ್ಳಿ ಲಕ್ಷ್ಮಿ ದೇವಸ್ಥಾನಕ್ಕೆ ಹೋಗಿಬರುವವರಿಂದಾಗಿ ತುಮಕೂರು–ಕೊರಟಗೆರೆ–ಮಧುಗಿರಿ ಮಾರ್ಗದಲ್ಲಿ ಶುಕ್ರವಾರ ಕಾಲಿಡಲು ಜಾಗ ಇರುವುದಿಲ್ಲ. ತುಮಕೂರು ನಿಲ್ದಾಣದಲ್ಲಿ ಬಸ್ ಇನ್ನೂ ಪೂರ್ತಿ ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲು, ಕೈಚೀಲ, ಒಮ್ಮೊಮ್ಮೆ ಮಗುವೇ ಒಳಗೆ ಬರುತ್ತದೆ. ಟವೆಲ್ ಹಾಕಿದ್ದ ಅಮ್ಮ ಜಿಲ್ಲಾ ಆಸ್ಪತ್ರೆಯಿಂದ ಬಂದಿದ್ದರು. ಮಂಡಿಯ ಎಕ್ಸ್‌ರೇ ಇದ್ದ ದೊಡ್ಡ ಕವರನ್ನು ಮಡಚಿಹೋಗದ ಹಾಗೆ ಎದೆಗೊತ್ತಿಕೊಂಡಿದ್ದರು. ಅವರು ಬಾಗಿಲಿನಿಂದ ನೂಕಿಸಿಕೊಂಡು ಒಳಗೆ ಬರುವಷ್ಟರಲ್ಲಿ ಆ ಸೀಟಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳೊಬ್ಬಳು ಕುಳಿತಿದ್ದಳು. ಬೆಳಗಿನಿಂದ ನಿಂತೇ ಕೆಲಸ ಮಾಡಿ ಬಂದವಳು. ಇಬ್ಬರಿಗೂ ಆ ಸೀಟು ಬೇಕಿತ್ತು, ಇಬ್ಬರಿಗೂ ಕಾರಣ ಇತ್ತು. ಮಾತಿಗೆ ಮಾತು ಬೆಳೆಯಿತು. ನಾನು ಮೂವರ ಸೀಟಿನಲ್ಲಿದ್ದ ಕಾಲೇಜು ಹುಡುಗನನ್ನು ಎಬ್ಬಿಸಿ ಅಮ್ಮನನ್ನು ಕೂರಿಸಿದೆ. ಕೊರಟಗೆರೆಯಲ್ಲಿ ಬಸ್ ನಿಂತಾಗ ಆ ಗಾರ್ಮೆಂಟ್ಸ್ ಹುಡುಗಿ ಬೇಯಿಸಿದ ಕಡಲೆಕಾಯಿ ಕೊಂಡು ಮೊದಲ ಹಿಡಿಯನ್ನು ಹಿಂದಕ್ಕೆ ತಿರುಗಿ ಅಮ್ಮನ ಮಡಿಲಿಗೆ ಹಾಕಿದಳು. ‘ಮಂಡಿಗೆ ಎಳ್ಳೆಣ್ಣೆ ತಿಕ್ಕಿ ನೋಡಿ ಅಮ್ಮ’ ಎಂಬ ಸಲಹೆಯನ್ನೂ ಕೊಟ್ಟಳು. ಅಲ್ಲಿಂದ ಮಧುಗಿರಿಯವರೆಗೆ ಇಬ್ಬರದೂ ಮಂಡಿನೋವಿನದೇ ಮಾತು.

ವಿಡಿಯೊ ತೆಗೆದವನಿಗೆ ಕಡಲೆಕಾಯಿ ಬೇಕಿರಲಿಲ್ಲ. ಅರ್ಧ ನಿಮಿಷದ ಜಗಳ ಸಾಕಿತ್ತು. ಅದಕ್ಕೊಂದು ಹಾಸ್ಯದ ಸಂಗೀತ ಸೇರಿಸಿ, ಮೇಲೆ ‘ಫ್ರೀ ಬಸ್ ಮಹಿಮೆ’ ಎಂದು ಬರೆದು ಬಿಟ್ಟ. ರಾತ್ರಿ ಕಳೆಯುವುದರೊಳಗೆ ಅದು ಊರೂರಿನ ವಾಟ್ಸ್ಆ್ಯಪ್ ಗುಂಪುಗಳಿಗೆ ಹರಡಿತು, ನಾಲ್ಕನೆಯ ದಿನ ನಿಮ್ಮ ಪತ್ರಿಕೆಗೂ ಬಂತು.

ಆ ಅಮ್ಮನ ಮಗಳನ್ನು ಶಿರಾ ಕಡೆಗೆ ಕೊಟ್ಟಿದ್ದಾರೆ. ಬೀಗರ ಮನೆಯಲ್ಲಿ ಊಟದ ಹೊತ್ತಿನಲ್ಲಿ ಆ ವಿಡಿಯೊ ಎಲ್ಲರ ಕೈಗೂ ಹೋಗಿದೆ. ‘ನಿಮ್ಮಮ್ಮ ಬಸ್ಸಿನಲ್ಲಿ ಬೀದಿರಂಪ ಮಾಡುತ್ತಾರಂತೆ’ ಎಂದು ಮಗಳಿಗೆ ಚುಚ್ಚಿದ್ದಾರೆ. ಪಕ್ಕದ ಮನೆಯವರು ನನ್ನ ಬಸ್ಸಿನಲ್ಲೇ ಓಡಾಡುವುದರಿಂದ ನನಗೆ ವಿಷಯ ತಿಳಿಯಿತು. ಅಮ್ಮ ಈಗ ಆಸ್ಪತ್ರೆಗೆ ಖಾಸಗಿ ಬಸ್ಸಿನಲ್ಲಿ ದುಡ್ಡು ಕೊಟ್ಟು ಹೋಗುತ್ತಾರಂತೆ. ಶೂನ್ಯ ಟಿಕೆಟ್ ಪಡೆಯುವ ಹಕ್ಕು ಅವರಿಗಿದೆ, ಮುಖ ತೋರಿಸಲು ಮನಸ್ಸಿಲ್ಲ.

ಮುಂದೆ ಇಂಥ ಚಿತ್ರ ಬಂದಾಗ ಮುಖ ಮಸುಕು ಮಾಡಿ ಹಾಕುತ್ತೇವೆ ಎಂದು ನೀವು ಹೇಳಬಹುದು. ನಗರದಲ್ಲಿ ಅದು ನಡೆದೀತು. ನಮ್ಮ ಕಡೆ ಮುಖ ನೋಡಿ ಯಾರೂ ಗುರುತು ಹಿಡಿಯುವುದಿಲ್ಲ. ಸೀರೆ ನೋಡಿ, ನಿಂತ ಭಂಗಿ ನೋಡಿ, ಜವಳಿ ಅಂಗಡಿಯ ಹೆಸರಿರುವ ಕೈಚೀಲ ನೋಡಿ ‘ಇದು ಇಂಥವರ ಮನೆಯಾಕೆ’ ಎಂದು ಹೇಳುತ್ತಾರೆ. ಹಾಗಾಗಿ ಮಸುಕು ಮಾಡುವ ಕೆಲಸಕ್ಕೇ ಹೋಗಬೇಡಿ, ಚಿತ್ರವನ್ನೇ ಬಿಡಿ. ಸೀಟಿಗಾಗಿ ಜಗಳವಾದದ್ದು ನಿಜಕ್ಕೂ ಸುದ್ದಿಯೆನಿಸಿದರೆ, ಶುಕ್ರವಾರ ಆ ಮಾರ್ಗಕ್ಕೆ ಎಷ್ಟು ಬಸ್ ಬಿಡುತ್ತಾರೆ ಎಂದು ವಿಚಾರಿಸಿ ಬರೆಯಿರಿ. ಅದಕ್ಕೆ ಯಾರ ಮುಖವೂ ಬೇಕಾಗುವುದಿಲ್ಲ.

ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ‘ಶಕ್ತಿ’ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಆಷಾಢ ಹಿಡಿಯುವ ಮೊದಲು ದೇವರ ದರ್ಶನ ಮುಗಿಸಬೇಕೆಂದು ಧರ್ಮಸ್ಥಳಕ್ಕೆ, ಮಲೆ ಮಹದೇಶ್ವರ ಬೆಟ್ಟಕ್ಕೆ ಹೆಂಗಸರು ಮುಗಿಬಿದ್ದರು. ಅಲ್ಲಿಂದಲೇ ಈ ವಿಡಿಯೊಗಳ ಸುಗ್ಗಿ. ಕಿಟಕಿಯಿಂದ ಹತ್ತಿದವರು, ಬಾಗಿಲಲ್ಲಿ ಸಿಕ್ಕಿಕೊಂಡವರು, ಸೆರಗು ಜಾರಿದವರು, ಬಾಯಿ ತೆರೆದು ನಿದ್ದೆ ಹೋದವರು, ಎಲ್ಲರೂ ನಗೆಪಾಟಲಾದರು. 2025ರ ಜುಲೈ ಹೊತ್ತಿಗೆ ಈ ಯೋಜನೆಯಲ್ಲಿ 500 ಕೋಟಿ ಪ್ರಯಾಣಗಳಾದವು ಎಂದು ಸರ್ಕಾರವೇ ಸಂಭ್ರಮಿಸಿತು. ಅಷ್ಟೂ ಪ್ರಯಾಣಗಳಲ್ಲಿ ಹೆಂಗಸರು ಕೆಲಸಕ್ಕೆ, ಕಾಲೇಜಿಗೆ, ತವರಿಗೆ, ಡಯಾಲಿಸಿಸ್‌ಗೆ ಹೋಗಿಬಂದದ್ದೇ ಹೆಚ್ಚು. ಅದನ್ನು ಚಿತ್ರೀಕರಿಸಿದರೆ ಯಾರು ನೋಡುತ್ತಾರೆ? ಈ ಯೋಜನೆ ಹವಾನಿಯಂತ್ರಿತ ಬಸ್ಸುಗಳಿಗೆ ಇಲ್ಲ. ಅಲ್ಲಿಯೂ ಜನ ಬಾಯಿ ತೆರೆದು ಗೊರಕೆ ಹೊಡೆಯುತ್ತಾರೆ, ಸೀಟು ಹಿಂದಕ್ಕೆ ಬಾಗಿಸಿದ್ದಕ್ಕೆ ಜಗಳವಾಡುತ್ತಾರೆ. ಅವರ ರೀಲ್ಸ್ ನಾನು ಕಂಡಿದ್ದು ಕಡಿಮೆ. ನಮ್ಮ ಕೆಂಪು ಬಸ್ಸಿನ ಹೆಂಗಸರು ತಿರುಗಿ ಪ್ರಶ್ನಿಸಲಾರರು ಎಂಬ ಧೈರ್ಯ ಈ ಹುಡುಗರಿಗಿದೆ.

ವಿಡಿಯೊ ತೆಗೆಯುವವರ ವರಸೆ ನಮಗೆ ಚೆನ್ನಾಗಿ ಗೊತ್ತು. ಟಿಕೆಟ್ ಕೊಡಲು ನಾವು ನಿಂತೇ ಇರುವುದರಿಂದ ಮೇಲಿನಿಂದ ಎಲ್ಲವೂ ಕಾಣುತ್ತದೆ. ಮಾತನಾಡುವವನು ಫೋನನ್ನು ಕಿವಿಗೆ ಇಡುತ್ತಾನೆ. ಇವನು ಎದೆಯ ಮಟ್ಟಕ್ಕೆ ನೆಟ್ಟಗೆ ಹಿಡಿದು ಕಣ್ಣನ್ನು ಮಾತ್ರ ಬೇರೆಡೆ ಇಟ್ಟಿರುತ್ತಾನೆ. ಸಂಜೆಯ ಟ್ರಿಪ್ಪಿನಲ್ಲಿ ಒಳಗೆ ದೀಪ ಹಾಕಿದ ಮೇಲೆ ಇನ್ನೂ ಸುಲಭ. ಫೋನಿನ ಪರದೆ ಕಿಟಕಿಯ ಗಾಜಿನಲ್ಲಿ ಮೂಡುತ್ತದೆ, ಅದರಲ್ಲಿ ಎದುರು ಸೀಟಿನ ಹುಡುಗಿ. ಕೇಳಿದರೆ ಒಂದೇ ಉತ್ತರ: ‘ಇದು ಸಾರ್ವಜನಿಕ ಸ್ಥಳ ಮೇಡಂ. ಯಾವ ಕಾನೂನಿನಲ್ಲಿ ತೆಗೆಯಬಾರದು ಅಂತಿದೆ, ತೋರಿಸಿ.’

ತೋರಿಸೋಣ ಎಂದು ವಕೀಲಿ ಓದುತ್ತಿರುವ ನನ್ನ ತಂಗಿಯ ಮಗಳನ್ನು ಕೇಳಿದೆ. ಅವಳು ಹೇಳಿದ್ದು ಕೇಳಿ ನನಗೆ ಸಮಾಧಾನವಾಗಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಖಾಸಗಿ ಕ್ರಿಯೆಯಲ್ಲಿರುವ ಹೆಣ್ಣಿನ ಚಿತ್ರ ತೆಗೆಯುವುದನ್ನು, ಹಂಚುವುದನ್ನು ಅಪರಾಧ ಎನ್ನುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್ ದೇಹದ ಖಾಸಗಿ ಅಂಗಗಳ ಚಿತ್ರಕ್ಕೆ ಸಂಬಂಧಿಸಿದ್ದು. 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯಂತೂ ಒಬ್ಬ ವ್ಯಕ್ತಿ ಸ್ವಂತಕ್ಕೆ, ಮನೆಬಳಕೆಗೆ ಮಾಡಿಕೊಳ್ಳುವುದನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಮೆಟ್ರೊದಲ್ಲಿ ಹೆಣ್ಣುಮಕ್ಕಳನ್ನು ಗುಟ್ಟಾಗಿ ಚಿತ್ರೀಕರಿಸಿ ಇನ್‌ಸ್ಟಾಗ್ರಾಮ್‌ಗೆ ಹಾಕುತ್ತಿದ್ದವನ ಮೇಲೆ ಬನಶಂಕರಿ ಪೊಲೀಸರು ಪ್ರಕರಣ ದಾಖಲಿಸಿ ಬಂಧಿಸಿದರು. ಜುಲೈನಲ್ಲಿ ಚರ್ಚ್ ಸ್ಟ್ರೀಟ್‌ನಲ್ಲಿ ಅಂಥದೇ ಕೆಲಸ ಮಾಡಿದವನ ವಿರುದ್ಧ ವಿದ್ಯಾರ್ಥಿನಿಯೊಬ್ಬಳು ತಾನೇ ಮುಂದೆ ಬಂದು ಮಾತನಾಡಿದಳು, ಅವನೂ ಸಿಕ್ಕಿಬಿದ್ದ. ಒಳ್ಳೆಯದೇ ಆಯಿತು. ಆದರೆ ಅಲ್ಲಿ ನೋಟದ ಕೊಳಕು ಎಂಥವರಿಗೂ ತಿಳಿಯುವಂತಿತ್ತು. ಎಕ್ಸ್‌ರೇ ಹಿಡಿದು ಸೀಟಿಗಾಗಿ ದನಿ ಎತ್ತಿದ ಅಮ್ಮನನ್ನು ಯಾವ ಸೆಕ್ಷನ್ ಕಾಯುತ್ತದೆ? ಮೈ ಕಂಡರೆ ಕಾನೂನು ಏಳುತ್ತದೆ, ಮಾನ ಹೋದರೆ ಏಳುವುದಿಲ್ಲ ಎನ್ನುವುದೇ ನನ್ನ ತಕರಾರು.

ಹಾಗೆಂದು ನಮಗೆ ಆಧಾರವೇ ಇಲ್ಲ ಎಂದಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. ಸಾರ್ವಜನಿಕ ಸ್ಥಳದಲ್ಲಿ ಇದ್ದ ಮಾತ್ರಕ್ಕೆ ಮನುಷ್ಯ ತನ್ನ ಖಾಸಗಿತನವನ್ನು ಬಿಟ್ಟುಕೊಟ್ಟಂತಲ್ಲ ಎಂಬ ಮಾತು ಆ ತೀರ್ಪಿನಲ್ಲೇ ಇದೆ. ‘ಸಾರ್ವಜನಿಕ ಸ್ಥಳ ಮೇಡಂ’ ಎನ್ನುವವರಿಗೆ ನಾನು ಈಗ ಇದನ್ನೇ ಹೇಳುತ್ತಿದ್ದೇನೆ. ಅರ್ಧ ಜನ ನಗುತ್ತಾರೆ.

ತಂಗಿಯ ಮಗಳು ಇನ್ನೊಂದು ಪ್ರಕರಣ ಹೇಳಿದಳು, ಅದು ನನಗೆ ತುಂಬ ಹಿಡಿಸಿತು. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಹದಿನೇಳು ವರ್ಷದ ಹುಡುಗಿಯೊಬ್ಬಳು ಒಂದು ಕಟ್ಟಡದ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿದ್ದಾಗ ಛಾಯಾಗ್ರಾಹಕನೊಬ್ಬ ಕೇಳದೆ ಚಿತ್ರ ತೆಗೆದ. ಒಂದು ಕಲಾ ಪತ್ರಿಕೆಯಲ್ಲಿ ಅಚ್ಚಾಯಿತು. ಚಿತ್ರದಲ್ಲಿ ಅಶ್ಲೀಲವಾದದ್ದು ಏನೂ ಇರಲಿಲ್ಲ. ಓರಗೆಯವರು ನೋಡಿ ನಕ್ಕರು ಎಂದು ಅವಳು ಕೋರ್ಟಿಗೆ ಹೋದಳು. 1998ರಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ಅವಳ ಪರ ನಿಂತು 2,000 ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು. ಕೆಲವು ನೂರು ಪ್ರತಿ ಮಾರಾಟವಾದ ಪತ್ರಿಕೆ ಅದು. ನಮ್ಮ ಊರಿನ ಒಂದು ವಾಟ್ಸ್ಆ್ಯಪ್ ಗುಂಪಿನಲ್ಲೇ ಅದಕ್ಕಿಂತ ಹೆಚ್ಚು ಜನ ಇದ್ದಾರು.

ಕ್ಯಾಮೆರಾವನ್ನೇ ಬಹಿಷ್ಕರಿಸಿ ಎಂದು ನಾನು ಹೇಳುತ್ತಿಲ್ಲ. ನೂಕುನುಗ್ಗಲಿನಲ್ಲಿ ಮೈಮೇಲೆ ಬೀಳುವವನನ್ನು ಹುಡುಗಿ ಚಿತ್ರೀಕರಿಸಿದರೆ ನಾನೇ ಅವಳ ಪಕ್ಕ ನಿಲ್ಲುತ್ತೇನೆ. ಚಾಲಕ ಫೋನಿನಲ್ಲಿ ಮಾತನಾಡುತ್ತ ಬಸ್ ಓಡಿಸಿದರೆ, ಕಂಡಕ್ಟರ್ ಹಣ ಪಡೆದು ಟಿಕೆಟ್ ಹರಿಯದಿದ್ದರೆ, ತೆಗೆಯಿರಿ. ತೆಗೆದು ಘಟಕ ವ್ಯವಸ್ಥಾಪಕರಿಗೆ ಕಳಿಸಿ, ಅಲ್ಲಿ ವಿಚಾರಣೆ ಆಗುತ್ತದೆ, ನಮಗೂ ಉತ್ತರಿಸಲು ಅವಕಾಶ ಇರುತ್ತದೆ. ಬೇರೆ ಜಿಲ್ಲೆಯಲ್ಲಿರುವ ನನ್ನ ಗೆಳತಿಯೊಬ್ಬಳು ಚಿಲ್ಲರೆ ವಿಷಯದಲ್ಲಿ ರೇಗಿದ ವಿಡಿಯೊ ಹೀಗೆಯೇ ಊರೆಲ್ಲ ಸುತ್ತಿತ್ತು. ಅವಳು ರೇಗಿದ್ದು ಸರಿಯಲ್ಲ, ಒಪ್ಪುತ್ತೇನೆ. ಆದರೆ ಅದಕ್ಕೂ ಮೊದಲು ಪ್ರಯಾಣಿಕ ಅವಳ ಜಾತಿ ಎತ್ತಿ ಆಡಿದ ಮಾತು ಆ ವಿಡಿಯೊದಲ್ಲಿ ಇರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಮೇಷ್ಟ್ರೊಬ್ಬರು ವಿಚಾರಣೆಗೆ ಬಂದು ಹೇಳಿದ್ದರಿಂದ ಅವಳು ಪಾರಾದಳು. ಜನರ ಬೈಗುಳವಂತೂ ಇನ್ನೂ ಆ ರೀಲ್ಸ್‌ನ ಕೆಳಗೆ ಹಾಗೆಯೇ ಇದೆ.

ವೃತ್ತಿಪರ ಛಾಯಾಗ್ರಾಹಕರ ಬಗ್ಗೆ ನನಗೆ ಅಂಥ ದೂರಿಲ್ಲ. ಶಕ್ತಿ ಯೋಜನೆ ಶುರುವಾದ ದಿನಗಳಲ್ಲಿ ಒಂದು ಪತ್ರಿಕೆಯವರು ನನ್ನ ಬಸ್ ಹತ್ತಿ, ‘ಅಮ್ಮಾ, ಒಂದು ಫೋಟೊ ತೆಗೆಯಲಾ?’ ಎಂದು ಕೇಳಿದ್ದರು. ಕೇಳಿದ್ದೇ ತಡ, ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡರು, ಒಬ್ಬರು ಬಾಯಲ್ಲಿದ್ದ ಎಲೆಅಡಿಕೆಯನ್ನು ಕಿಟಕಿಯಿಂದ ಉಗಿದು ಬಂದರು, ಇನ್ನೊಬ್ಬರು ‘ನನ್ನದು ಬೇಡಪ್ಪ’ ಎಂದು ಮುಖ ತಿರುಗಿಸಿದರು. ಅವರನ್ನು ಬಿಟ್ಟು ತೆಗೆದರು. ಇದಕ್ಕೆ ಹಿಡಿದ ಹೊತ್ತು ಒಂದು ಸ್ಟೇಜ್‌ನಷ್ಟೂ ಇಲ್ಲ. ಸಹಜತೆ ಕೆಡುತ್ತದೆ ಎಂದು ಕಲಾವಿದರು ಹೇಳುತ್ತಾರೆ. ಕೆಡಲಿ ಬಿಡಿ. ಲಕ್ಷ ಜನ ನೋಡುವ ಮೊದಲು ಸೆರಗು ಸರಿಮಾಡಿಕೊಳ್ಳುವಷ್ಟು ಸಮಯ ಕೊಟ್ಟರೆ ಕಲೆಗೆ ಆಗುವ ನಷ್ಟ ದೊಡ್ಡದೇನಲ್ಲ.

ಕೊನೆಯದಾಗಿ, ಸಾರಿಗೆ ಸಚಿವರು ಈ ಪತ್ರ ಓದುತ್ತಾರೆ ಎಂದುಕೊಂಡು ಒಂದು ಬೇಡಿಕೆ. ಬಸ್ಸಿನಲ್ಲಿ ಮೊಬೈಲ್‌ನಿಂದ ಜೋರಾಗಿ ಹಾಡು, ವಿಡಿಯೊ ಹಾಕುವುದನ್ನು 2021ರಲ್ಲಿ ಹೈಕೋರ್ಟ್ ಆದೇಶದ ಮೇಲೆ ಕೆಎಸ್‌ಆರ್‌ಟಿಸಿ ನಿಷೇಧಿಸಿತು. ಕಂಡಕ್ಟರ್ ಮೊದಲು ವಿನಂತಿಸಬೇಕು, ಕೇಳದಿದ್ದರೆ ಕೆಳಗಿಳಿಸಬಹುದು ಎಂಬ ನಿಯಮ ಬಂತು. ಎಲ್ಲರೂ ಪಾಲಿಸುತ್ತಾರೆ ಎಂದಲ್ಲ, ಆದರೆ ‘ನಿಯಮ ಇದೆ’ ಎಂದು ಹೇಳಲು ನಮ್ಮ ಕೈಯಲ್ಲಿ ಏನೋ ಒಂದಿದೆ. ಪ್ರಯಾಣಿಕರ ಕಿವಿಗೆ ಕೊಟ್ಟ ಈ ರಕ್ಷಣೆಯನ್ನು ಮುಖಕ್ಕೂ ಕೊಡಿ. ಅಪರಿಚಿತರ ಚಿತ್ರ, ವಿಡಿಯೊವನ್ನು ಕೇಳದೆ ತೆಗೆಯಬಾರದು, ಅಪರಾಧ ನಡೆದರೆ ಮಾತ್ರ ವಿನಾಯಿತಿ ಎಂದು ಒಂದು ಸುತ್ತೋಲೆ ಹೊರಡಿಸಿ, ಧೂಮಪಾನ ನಿಷೇಧದ ಫಲಕದ ಪಕ್ಕದಲ್ಲೇ ಬರೆಸಿ. ಸುತ್ತೋಲೆಯಲ್ಲಿ ಕಂಡಕ್ಟರ್‌ಗಳ ಹೊಣೆ ಎಲ್ಲಿಯವರೆಗೆ ಎಂಬುದನ್ನೂ ಸ್ಪಷ್ಟವಾಗಿ ಹೇಳಿಬಿಡಿ. ಈಗಾಗಲೇ ಟಿಕೆಟ್ ಯಂತ್ರ, ಚಿಲ್ಲರೆ, ಗುರುತಿನ ಚೀಟಿ, ಗಂಡಸರ ಸೀಟು, ಹೆಂಗಸರ ಸೀಟು ಎಲ್ಲವೂ ನಮ್ಮ ತಲೆಯ ಮೇಲೇ ಇದೆ. ಇನ್ನೊಬ್ಬರ ಫೋನ್ ಕಸಿದು ವಿಡಿಯೊ ಅಳಿಸುವ ಕೆಲಸವನ್ನು ದಯವಿಟ್ಟು ನಮಗೆ ವಹಿಸಬೇಡಿ, ಅದು ಪೊಲೀಸರಿಗಿರಲಿ. ವಿಷಲ್ ಹೊಡೆದು ಬಸ್ ನಿಲ್ಲಿಸಿ ಅವನನ್ನು ಇಳಿಸುವ ಅಧಿಕಾರ ಇದ್ದರೆ ನಮಗೆ ಸಾಕು.

ಒಬ್ಬ ನಿರ್ವಾಹಕಿ,
ಮಧುಗಿರಿ ತಾಲ್ಲೂಕು
(ನೌಕರಿಯ ಕಾರಣಕ್ಕೆ ಹೆಸರು ಪ್ರಕಟಿಸಬಾರದಾಗಿ ಕೋರಿಕೆ)